ಸೆನ್ಸ್ ಹಾಕಿದ ಎಂಆರ್‌ಎಸ್‌ಐ: ಫ್ಯಾಂಟಮ್‌ನಲ್ಲಿ ಸರಿ, ತಲೆಯಲ್ಲಿ ಮಾತ್ರ ಮೆದುಳಿನ ನಡುವೆ ಕೊಬ್ಬಿನ ಕಮಾನು

ಕೆಸ್ಪೇಸ್_ಮಂಡ್ಯ (ಪ್ರಶ್ನೆ)

3 ಟೆಸ್ಲಾ ಸ್ಕ್ಯಾನರ್, 32 ಚಾನೆಲ್ ಹೆಡ್ ಕಾಯಿಲ್ (ತಲೆಯ ಸುತ್ತ ಸಿಗ್ನಲ್ ಹಿಡಿಯುವ 32 ಆಂಟೆನಾ). ಮೆದುಳಿನ ಪ್ರೋಟಾನ್ ಎಂಆರ್‌ಎಸ್‌ಐ (ಪ್ರತಿ ಜಾಗದ ರಾಸಾಯನಿಕಗಳ ಸ್ಪೆಕ್ಟ್ರಮ್ ಕೊಡುವ ಎಂಆರ್ ಸ್ಕ್ಯಾನ್), 2ಡಿ, ವೆಂಟ್ರಿಕಲ್‌ಗಳಿಗಿಂತ ಸ್ವಲ್ಪ ಮೇಲೆ 15 ಮಿ.ಮೀ. ದಪ್ಪದ ಒಂದೇ ಸ್ಲೈಸ್. ಎಫ್‌ಒವಿ (ಸ್ಕ್ಯಾನ್ ಆವರಿಸುವ ಜಾಗ) 240 × 240 ಮಿ.ಮೀ., ಮ್ಯಾಟ್ರಿಕ್ಸ್ 24 × 24, ಅಂದರೆ ವಾಕ್ಸೆಲ್ (ಚಿತ್ರದ ಒಂದು ಘನ ತುಂಡು) 10 × 10 × 15 ಮಿ.ಮೀ. ಟಿಆರ್ (ಒಂದು ಅಳತೆಯಿಂದ ಮುಂದಿನದಕ್ಕೆ ಇರುವ ಸಮಯ) 1500, ಟಿಇ (ಸಿಗ್ನಲ್ ಎಬ್ಬಿಸಿದ ಮೇಲೆ ಎಕೋ ಬರುವ ಸಮಯ) 35 ಮಿಲಿಸೆಕೆಂಡ್. ಮೆದುಳಿನ ಒಳಗಿನ ಒಂದು ಪೆಟ್ಟಿಗೆಯನ್ನಷ್ಟೇ ಆಯ್ದುಕೊಳ್ಳುವ ಪ್ರೆಸ್ ಬಾಕ್ಸ್ ಇಲ್ಲ, ಬರೀ ಸ್ಲೈಸ್ ಆಯ್ದುಕೊಳ್ಳುವ ಸ್ಪಿನ್ ಎಕೋ. ನೆತ್ತಿಯ ಕೊಬ್ಬಿನ ಸಿಗ್ನಲ್ ಅಡಗಿಸಲು ತಲೆಯ ಸುತ್ತ 8 ಸ್ಯಾಚುರೇಷನ್ ಪಟ್ಟಿ, ನೀರನ್ನು ಅಡಗಿಸಲು ವೇಪರ್ ಪಲ್ಸ್‌ಗಳು.

ಪೂರ್ತಿ ಸ್ಕ್ಯಾನ್‌ಗೆ 576 ಎನ್‌ಕೋಡಿಂಗ್ (ಕೆ-ಸ್ಪೇಸ್ ಎಂಬ ಕಚ್ಚಾ ಡೇಟಾ ಜಾಲದ ಒಂದೊಂದು ಬಿಂದುವಿಗೆ ಒಂದು ಅಳತೆ), 14 ನಿಮಿಷ 24 ಸೆಕೆಂಡ್. ಅಷ್ಟು ಹೊತ್ತು ರೋಗಿಗಳು ಅಲುಗಾಡದೆ ಮಲಗುವುದಿಲ್ಲ. ಹಾಗಾಗಿ ಎರಡೂ ದಿಕ್ಕಿನಲ್ಲಿ ಸೆನ್ಸ್ (ಕಡಿಮೆ ಅಳೆದು, ಮಡಿಚಿಕೊಂಡ ಚಿತ್ರವನ್ನು ಕಾಯಿಲ್‌ಗಳ ವ್ಯತ್ಯಾಸದಿಂದ ಬಿಡಿಸುವ ವಿಧಾನ) 2 × 2 ಹಾಕಿದೆ: 12 × 12 = 144 ಎನ್‌ಕೋಡಿಂಗ್, 3 ನಿಮಿಷ 36 ಸೆಕೆಂಡ್.

ರೀಕನ್‌ಸ್ಟ್ರಕ್ಷನ್ ನಮ್ಮದೇ ಕೋಡ್. ಮೊದಲು 5 ಮಿ.ಮೀ. ಗ್ರೇಡಿಯಂಟ್ ಎಕೋ ರೆಫರೆನ್ಸ್ ಚಿತ್ರ, ಒಮ್ಮೆ ಸ್ಕ್ಯಾನರ್‌ನಲ್ಲೇ ಇರುವ ದೊಡ್ಡ ಬಾಡಿ ಕಾಯಿಲ್‌ನಲ್ಲಿ, ಒಮ್ಮೆ 32 ಚಾನೆಲ್‌ನಲ್ಲಿ. ಒಂದರಿಂದ ಇನ್ನೊಂದನ್ನು ಭಾಗಿಸಿ ಸೆನ್ಸಿಟಿವಿಟಿ ಮ್ಯಾಪ್ (ಪ್ರತಿ ಕಾಯಿಲ್ ಯಾವ ಜಾಗವನ್ನು ಎಷ್ಟು ಬಲವಾಗಿ ಕೇಳುತ್ತದೆ ಎಂಬ ನಕ್ಷೆ). ಗದ್ದಲ ಹೋಗಲಿ ಅಂತ ಬೆಟ್ (ಚಿತ್ರದಿಂದ ಮೆದುಳನ್ನಷ್ಟೇ ಕತ್ತರಿಸಿ ಕೊಡುವ ಸಾಫ್ಟ್‌ವೇರ್) ಮಾಡಿ ಮೆದುಳಿನ ಮಾಸ್ಕ್ ಹಾಕಿದ್ದೇನೆ. ಆಮೇಲೆ 24 × 24ಕ್ಕೆ ಇಳಿಸಿ, ಎಫ್‌ಐಡಿಯ (ಕಾಲದೊಂದಿಗೆ ಅಳಿಯುವ ಕಚ್ಚಾ ಸಿಗ್ನಲ್) ಪ್ರತಿ ಬಿಂದುವಿಗೂ ಅನ್‌ಫೋಲ್ಡ್ ಮಾಡಿ (ಮಡಿಕೆ ಬಿಡಿಸಿ), ಸ್ಪೆಕ್ಟ್ರಮ್‌ನಿಂದ ಪ್ರಮಾಣ ಲೆಕ್ಕಹಾಕುವ ಎಲ್‌ಸಿಮಾಡೆಲ್‌ಗೆ ಕಳಿಸುತ್ತೇನೆ.

ಫ್ಯಾಂಟಮ್‌ನಲ್ಲಿ (ಮೆದುಳಿನ ರಾಸಾಯನಿಕಗಳಾದ ಎನ್‌ಎಎ, ಕ್ರಿಯಾಟಿನ್, ಕೋಲಿನ್ ಇರುವ ಮಾಮೂಲಿ ಪರೀಕ್ಷಾ ಗೋಳ) ಏನೂ ತೊಂದರೆ ಇಲ್ಲ. ತಲೆಯಲ್ಲಿ ಸ್ಪೆಕ್ಟ್ರಮ್‌ನ 1.3 ಪಿಪಿಎಂ ಹತ್ತಿರ, ಕೊಬ್ಬಿನ ಜಾಗದಲ್ಲಿ, ದೊಡ್ಡ ಗುಡ್ಡ ಬರುತ್ತದೆ, ಅದರ ಇಳಿಜಾರಿನ ಮೇಲೆ ಎನ್‌ಎಎ ನಿಂತಿರುತ್ತದೆ. ಎಲ್ಲಾ ಕಡೆ ಅಲ್ಲ: ನಡುಗೆರೆಯಿಂದ ಎಡಬಲಕ್ಕೆ ನಾಲ್ಕೈದು ವಾಕ್ಸೆಲ್ ದೂರದಲ್ಲಿ, ಮತ್ತೆ ನಡುವಿನಿಂದ ಹಿಂದೆ ಮುಂದೆ ಎರಡು ಮೂರು ವಾಕ್ಸೆಲ್ ದೂರದಲ್ಲಿ, ಕಮಾನಿನ ಆಕಾರದಲ್ಲಿ. ತಲೆಯ ಅಗಲ ಸುಮಾರು 150, ಉದ್ದ 190 ಮಿ.ಮೀ. ಇದು ಜಿ-ಫ್ಯಾಕ್ಟರ್ (ಮಡಿಕೆ ಬಿಡಿಸುವಾಗ ಹೆಚ್ಚುವ ಗದ್ದಲದ ಅಳತೆ) ಸಮಸ್ಯೆಯಾ? ಆರ್ (ಎಷ್ಟು ಪಟ್ಟು ವೇಗ, ಈಗ ಒಟ್ಟು 4) ಅನ್ನು 3ಕ್ಕೆ ಇಳಿಸಲಾ?

---

ಲಾರ್ಮರ್_ಲೆಕ್ಕ

ಜಿ-ಫ್ಯಾಕ್ಟರ್ ಗದ್ದಲವನ್ನು ಹೆಚ್ಚಿಸುತ್ತದೆ, ಕಮಾನು ಬಿಡಿಸುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ.

ನೀವು ಕೊಟ್ಟ ಅಳತೆಯಲ್ಲೇ ಉತ್ತರ ಇದೆ. ಒಂದೊಂದು ದಿಕ್ಕಿನಲ್ಲೂ ಆರ್ 2 ಮಾಡಿದಾಗ ಎಫ್‌ಒವಿ 120 ಮಿ.ಮೀ. ಆಯಿತು. ಎಡಗಡೆಯ ನೆತ್ತಿಚರ್ಮ ಮೈನಸ್ 75ರಲ್ಲಿದೆ. 120 ಸೇರಿಸಿದರೆ ಪ್ಲಸ್ 45. ನಡುಗೆರೆಯಿಂದ ನಾಲ್ಕೂವರೆ ವಾಕ್ಸೆಲ್. ಹಣೆ ಪ್ಲಸ್ 95. 120 ಕಳೆದರೆ ಮೈನಸ್ 25. ಎರಡೂವರೆ ವಾಕ್ಸೆಲ್. ನಿಮ್ಮ ಕಮಾನು ನಿಂತಿರುವುದು ಸರಿಯಾಗಿ ಅಲ್ಲೇ. ಅಂದರೆ ಅದು ಮಡಿಚಿಕೊಂಡು ಒಳಗೆ ಬಂದ ನೆತ್ತಿಯ ಕೊಬ್ಬು, ಬಿಡಿಸುವಾಗ ಪೂರ್ತಿ ಬಿಡಿಸಿಲ್ಲ. ಪಕ್ಕದ ವಾಕ್ಸೆಲ್‌ಗೆ ಸೋರುವ ಮಾಮೂಲಿ ಕೊಬ್ಬಾಗಿದ್ದರೆ ಅಂಚಿನಿಂದ ಒಳಗೆ ಹೋಗುತ್ತಾ ಕಡಿಮೆಯಾಗುತ್ತಿತ್ತು, ಹೀಗೆ ನಡುವೆ ಎದ್ದು ನಿಲ್ಲುತ್ತಿರಲಿಲ್ಲ.

ಮೊದಲ ಅಪರಾಧಿ ಬೆಟ್ ಮಾಸ್ಕ್. ಮೆದುಳಿನ ಹೊರಗೆ ಮ್ಯಾಪ್ ಸೊನ್ನೆ ಮಾಡಿದಿರಿ ಅಂದರೆ ಕೋಡ್‌ಗೆ "ನೆತ್ತಿ ಅನ್ನುವ ಜಾಗವೇ ಇಲ್ಲ" ಅಂತ ಹೇಳಿದ ಹಾಗೆ. ಕೊಬ್ಬಿನ ಸಿಗ್ನಲ್ ಎಲ್ಲಿಗಾದರೂ ಹೋಗಬೇಕಲ್ಲ, ಅದರ ಜೋಡಿ ವಾಕ್ಸೆಲ್ ಆದ ಬಿಳಿಭಾಗಕ್ಕೆ ಹೋಗಿ ಕೂರುತ್ತದೆ. ಫ್ಯಾಂಟಮ್‌ನಲ್ಲಿ ಸಿಗ್ನಲ್ ಕೊಡುವ ಜಾಗವೆಲ್ಲ ಮಾಸ್ಕ್ ಒಳಗೇ ಇರುತ್ತದೆ, ಅದಕ್ಕೆ ಗೊತ್ತಾಗಲಿಲ್ಲ.

ಮಾಡಬೇಕಾದ್ದು: ಬೆಟ್ ತೆಗೆಯಿರಿ. ಪೂರ್ತಿ ತಲೆಯ ಮಾಸ್ಕ್ ತೆಗೆದುಕೊಳ್ಳಿ, ಚರ್ಮದಿಂದ ಆಚೆ 10ರಿಂದ 20 ಮಿ.ಮೀ. ಹಿಗ್ಗಿಸಿ. ತಲೆಬುರುಡೆಯ ಮೂಳೆ ಗ್ರೇಡಿಯಂಟ್ ಎಕೋದಲ್ಲಿ ಸಿಗ್ನಲ್ ಕೊಡುವುದಿಲ್ಲ, ಅಲ್ಲಿ ಭಾಗಾಕಾರ ಬರೀ ಕಸ. ಆ ಪಟ್ಟಿಯನ್ನೂ ಹೊರಗಿನ ಹಿಗ್ಗಿಸಿದ ಭಾಗವನ್ನೂ ಸುತ್ತಲಿನ ಒಳ್ಳೆ ಪಿಕ್ಸೆಲ್‌ಗಳಿಂದ ಎರಡನೇ ಅಥವಾ ಮೂರನೇ ದರ್ಜೆಯ ಸ್ಥಳೀಯ ಪಾಲಿನಾಮಿಯಲ್ ಫಿಟ್ ಮಾಡಿ ತುಂಬಿ. ಫಿಟ್ ಮಾಡುವಾಗ ಬಾಡಿ ಕಾಯಿಲ್ ಚಿತ್ರದ ತೀವ್ರತೆಯನ್ನು ತೂಕವಾಗಿ ಕೊಡಿ. ಮಾಡುವುದು ಕಾಂಪ್ಲೆಕ್ಸ್ ಸಂಖ್ಯೆಯ ಮೇಲೆ, ಮ್ಯಾಗ್ನಿಟ್ಯೂಡ್ ಮೇಲೆ ಅಲ್ಲ.

---

ಶಿಮ್_ಸರಿಯಿಲ್ಲ

ಮೇಲಿನದು ಸರಿ, ಆದರೆ ಮಾಸ್ಕ್ ಸರಿಮಾಡಿದ ಮೇಲೂ ಉಳಿಯುತ್ತದೆ, ಬರೆದಿಟ್ಟುಕೊಳ್ಳಿ. ಈ ಕೆಲಸದಲ್ಲಿ ಕಾಯಿಲ್‌ಗಿಂತ ಕೊಬ್ಬೇ ವೇಗದ ಮಿತಿಯನ್ನು ತೀರ್ಮಾನಿಸುವುದು.

ಮಾಮೂಲಿ ಚಿತ್ರದ ಸೆನ್ಸ್‌ನಲ್ಲಿ ಮ್ಯಾಪ್ ಶೇ. 2 ತಪ್ಪಿದರೆ ಶೇ. 2ರ ಮಸುಕು ನೆರಳು, ಯಾರೂ ಗಮನಿಸುವುದಿಲ್ಲ. ಎಂಆರ್‌ಎಸ್‌ಐನಲ್ಲಿ ನೆತ್ತಿಯ ಒಂದು ವಾಕ್ಸೆಲ್ ಕೊಬ್ಬು, ಮೆದುಳಿನ ಒಂದು ವಾಕ್ಸೆಲ್ ಎನ್‌ಎಎಗಿಂತ ನೂರಾರು ಪಟ್ಟು ದೊಡ್ಡದು. 300 ಪಟ್ಟು ಅಂತ ಇಟ್ಟುಕೊಳ್ಳಿ. ಅನ್‌ಫೋಲ್ಡಿಂಗ್ ಶೇ. 1 ತಪ್ಪಿದರೆ ಎನ್‌ಎಎಯ ಮೂರು ಪಟ್ಟು ಕೊಬ್ಬು ಒಳಗೆ. ಸ್ಯಾಚುರೇಷನ್ ಪಟ್ಟಿ ಹತ್ತು ಪಟ್ಟು ಅಡಗಿಸಿದರೂ ಇನ್ನೂ ಎನ್‌ಎಎಯ ಮೂರನೇ ಒಂದು ಪಾಲು.

ಈಗ ಆ ಶೇ. 1 ಎಲ್ಲಿಂದ ಬರುತ್ತದೆ ನೋಡಿ. ಸೆನ್ಸ್‌ನ ಸರಳ ಸಮೀಕರಣ ಪ್ರತಿ ವಾಕ್ಸೆಲ್‌ಗೆ ಪ್ರತಿ ಕಾಯಿಲ್‌ನ ಒಂದೇ ಒಂದು ಸೆನ್ಸಿಟಿವಿಟಿ ಸಂಖ್ಯೆ ಇಟ್ಟುಕೊಳ್ಳುತ್ತದೆ. 1 ಮಿ.ಮೀ. ಚಿತ್ರಕ್ಕೆ ಅದು ಸಾಕು. ನಿಮ್ಮ ವಾಕ್ಸೆಲ್ 10 ಮಿ.ಮೀ. 32 ಚಾನೆಲ್ ಹೆಲ್ಮೆಟ್‌ನ ಚಿಕ್ಕ ಲೂಪ್‌ಗಳು ಚರ್ಮದ ಪಕ್ಕದಲ್ಲೇ ಕೂತಿರುತ್ತವೆ, ಅಲ್ಲಿ 10 ಮಿ.ಮೀ. ಒಳಗೆ ಸೆನ್ಸಿಟಿವಿಟಿ ಕಡಿದಾಗಿ ಇಳಿಯುತ್ತದೆ. ಕೊಬ್ಬು ವಾಕ್ಸೆಲ್ ತುಂಬ ಹರಡಿರುವುದಿಲ್ಲ, ಒಂದು ಅಂಚಿನಲ್ಲಿ ನಾಲ್ಕೈದು ಮಿ.ಮೀ. ಪದರವಾಗಿರುತ್ತದೆ. ಕಾಯಿಲ್ ನೋಡುವುದು ಆ ಅಂಚನ್ನು, ನೀವು ಸಮೀಕರಣಕ್ಕೆ ಕೊಡುವುದು ವಾಕ್ಸೆಲ್‌ನ ಸರಾಸರಿ. ತಮಾಷೆ ಅಂದರೆ ಈ ಒಂದು ವಿಷಯದಲ್ಲಿ ಹಳೆ 8 ಚಾನೆಲ್ ಕಾಯಿಲ್ ವಾಸಿ, ಅದರ ದೊಡ್ಡ ಲೂಪ್‌ಗಳ ಇಳಿಜಾರು ಇಷ್ಟು ಕಡಿದಲ್ಲ.

ಇದರ ಮೇಲೆ ಪಿಎಸ್‌ಎಫ್ (ಒಂದು ಬಿಂದು ಚಿತ್ರದಲ್ಲಿ ಹರಡುವ ಆಕಾರ) ಬೇರೆ. ಚೌಕ ಕೆ-ಸ್ಪೇಸ್ ಕೊಡುವ ಸಿಂಕ್ ಆಕಾರದ ಅಲೆಗೆ ಮೊದಲ ಪಕ್ಕದಲೆ ಶೇ. 21ರಷ್ಟು. ನಿಮ್ಮ ನೆತ್ತಿಯ ಕೊಬ್ಬು ತನ್ನ ವಾಕ್ಸೆಲ್‌ನಲ್ಲಿ ಮಾತ್ರ ಇರದೆ ಐದಾರು ವಾಕ್ಸೆಲ್ ದೂರದವರೆಗೆ ಅಲೆಯಾಗಿ ಹರಡುತ್ತದೆ. ಆ ಅಲೆ ದೂರದಲ್ಲಿ ಕಾಣಿಸಿದರೂ ಅದರ ಮೇಲೆ ಇರುವುದು ನೆತ್ತಿಯ ಜಾಗದ ಸೆನ್ಸಿಟಿವಿಟಿ. ಸಮೀಕರಣಕ್ಕೆ ಇದು ಗೊತ್ತಿಲ್ಲ.

ಪರಿಹಾರ: 24 × 24ರಲ್ಲಿ ಅನ್‌ಫೋಲ್ಡ್ ಮಾಡಬೇಡಿ. ಮ್ಯಾಪ್ ಅನ್ನು 96 × 96ರಲ್ಲೇ ಇಟ್ಟುಕೊಳ್ಳಿ (2.5 ಮಿ.ಮೀ.; ನಿಮ್ಮ 5 ಮಿ.ಮೀ. ಮ್ಯಾಪ್ ನಯವಾಗಿರುವುದರಿಂದ ಇಂಟರ್‌ಪೊಲೇಟ್ ಮಾಡಿದರೆ ನಡೆಯುತ್ತದೆ). ಎನ್‌ಕೋಡಿಂಗ್ ಮ್ಯಾಟ್ರಿಕ್ಸ್ ಅನ್ನು ಆ ಸಣ್ಣ ಜಾಲದ ಮೇಲೆ ಕಟ್ಟಿ: 144 ಕೆ-ಬಿಂದು × 32 ಕಾಯಿಲ್ ಸಾಲುಗಳು, ತಲೆಯ ಒಳಗಿನ ಸಣ್ಣ ಪಿಕ್ಸೆಲ್‌ಗಳಷ್ಟು ಕಂಬಗಳು. ಅದನ್ನು ರೆಗ್ಯುಲರೈಸ್ ಮಾಡಿ ಇನ್ವರ್ಟ್ ಮಾಡಿ, ಕೊನೆಯಲ್ಲಿ 10 ಮಿ.ಮೀ. ವಾಕ್ಸೆಲ್‌ಗೆ ಒಟ್ಟುಗೂಡಿಸಿ. ಇದಕ್ಕೆ ಓವರ್‌ಡಿಸ್ಕ್ರಿಟೈಸ್ಡ್ ರೀಕನ್‌ಸ್ಟ್ರಕ್ಷನ್ ಅಂತಾರೆ. ಬಿ0 (ಮುಖ್ಯ ಕಾಂತಕ್ಷೇತ್ರ) ಮ್ಯಾಪ್ ಇದ್ದರೆ ಒಟ್ಟುಗೂಡಿಸುವ ಮುಂಚೆ ಪ್ರತಿ ಸಣ್ಣ ಪಿಕ್ಸೆಲ್‌ನ ಫ್ರೀಕ್ವೆನ್ಸಿ ಸರಿಪಡಿಸಿ, ಲೈನ್‌ವಿಡ್ತ್ ಕೂಡ ಇಳಿಯುತ್ತದೆ. ಮ್ಯಾಟ್ರಿಕ್ಸ್ ಎಲ್ಲಾ ಟೈಮ್ ಪಾಯಿಂಟ್‌ಗೂ ಒಂದೇ, ಒಮ್ಮೆ ಇನ್ವರ್ಟ್ ಮಾಡಿದರೆ ಸಾಕು.

ಇನ್ನೊಂದು, ಕೊಬ್ಬಿಲ್ಲದ ಫ್ಯಾಂಟಮ್ ಈ ಪರೀಕ್ಷೆಗೆ ನಾಲಾಯಕ್. ಗೋಳದ ಸುತ್ತ ತೆಳು ಪ್ಲಾಸ್ಟಿಕ್ ಟ್ಯೂಬ್‌ನಲ್ಲಿ ಸೂರ್ಯಕಾಂತಿ ಎಣ್ಣೆ ತುಂಬಿ ಉಂಗುರದ ಹಾಗೆ ಕಟ್ಟಿ. ಅಡುಗೆ ಎಣ್ಣೆಯ ಮುಖ್ಯ ಪೀಕ್ 1.3 ಪಿಪಿಎಂನಲ್ಲೇ ಬರುತ್ತದೆ. ಗಾಳಿಗುಳ್ಳೆ ಉಳಿಯದ ಹಾಗೆ ತುಂಬಿ, ಇಲ್ಲದಿದ್ದರೆ ಶಿಮ್ (ಕಾಂತಕ್ಷೇತ್ರವನ್ನು ಸಮ ಮಾಡುವುದು) ಹಾಳು. ಆಗ ನಿಮ್ಮ ಕಮಾನು ಟೇಬಲ್ ಮೇಲೆ ರೋಗಿ ಇಲ್ಲದೇ ಕಾಣಿಸುತ್ತದೆ.

---

ಕೆಸ್ಪೇಸ್_ಮಂಡ್ಯ

ಇಬ್ಬರಿಗೂ ಧನ್ಯವಾದ. ಹಳೆಯ ರಾ ಡೇಟಾ ಮೇಲೇ ಬೆಟ್ ತೆಗೆದು ಫಿಟ್ ಮಾಡಿದ ಮ್ಯಾಪ್ ಹಾಕಿ ನೋಡಿದೆ. ಎಡಬಲದ ಕಮಾನು ಹೆಚ್ಚುಕಡಿಮೆ ಹೋಯಿತು. ಹಣೆಯಿಂದ ಬಂದದ್ದು ಇಳಿದಿದೆ, ಹೋಗಿಲ್ಲ. ಹಿಂದಿನದಕ್ಕಿಂತ ಮುಂದಿನದೇ ಜಾಸ್ತಿ. ಸಬ್‌ವಾಕ್ಸೆಲ್ ಕೋಡ್ ಬರೆಯುವ ಮುಂಚೆ ಬೇರೆ ಏನಾದರೂ ಸಣ್ಣ ತಪ್ಪು ಇದೆಯಾ ಅಂತ ಹೇಗೆ ಪತ್ತೆ ಮಾಡುವುದು?

---

ಎಕೋ_ಕರಾವಳಿ

ಹಿಂದೆ ಮುಂದೆ ಒಂದೇ ತರಹ ಇಲ್ಲ ಅಂದರೆ ಎಲ್ಲೋ ಜಾಗ ಜರುಗಿದೆ. ಕೋಡ್ ಮತ್ತು ಸ್ಕ್ಯಾನ್ ಎರಡನ್ನೂ ಬೇರೆ ಮಾಡಿ ನೋಡಬೇಕು. ದಾರಿ ಇದು: ಒಬ್ಬ ಸ್ವಯಂಸೇವಕರಲ್ಲಿ ಪೂರ್ತಿ 24 × 24 ತೆಗೆಯಿರಿ, 14 ನಿಮಿಷ ಹೋಗಲಿ. ಆ ಡೇಟಾದಿಂದ ಕೋಡ್‌ನಲ್ಲೇ ಒಂದು ಬಿಟ್ಟು ಒಂದು ಕೆ-ಸಾಲು ಅಳಿಸಿ ಸೆನ್ಸ್ ಮಾಡಿ. ಪೂರ್ತಿ ಡೇಟಾದ ಕಾಯಿಲ್ ಕೂಡಿಸಿದ ಉತ್ತರದಿಂದ ಇದನ್ನು ಕಳೆಯಿರಿ. ಶೇಷವನ್ನು 0.8ರಿಂದ 1.8 ಪಿಪಿಎಂವರೆಗೆ ಕೂಡಿಸಿ ಚಿತ್ರ ಮಾಡಿ. ಇಲ್ಲೂ ಕಮಾನು ಬಂದರೆ ತಪ್ಪು ಮ್ಯಾಪ್ ಅಥವಾ ಕೋಡ್‌ನದು. ಇಲ್ಲಿ ಬರದೆ ನಿಜವಾದ 3.5 ನಿಮಿಷದ ಸ್ಕ್ಯಾನ್‌ನಲ್ಲಿ ಬಂದರೆ ತಲೆ ಅಲುಗಿದೆ, ಇಲ್ಲವೇ ಎನ್‌ಕೋಡಿಂಗ್ ಟೇಬಲ್ ನೀವು ಅಂದುಕೊಂಡಂತೆ ಇಲ್ಲ.

ನಾನು ಮೊದಲು ಹುಡುಕುವ ಜಾಗಗಳು:

ಅರ್ಧ ವಾಕ್ಸೆಲ್. ಎಫ್‌ಎಫ್‌ಟಿಯಲ್ಲಿ (ಕೆ-ಸ್ಪೇಸ್‌ನಿಂದ ಚಿತ್ರ ಮಾಡುವ ಲೆಕ್ಕ) 24 ಬಿಂದುಗಳ ಸೊನ್ನೆ ಒಂದು ವಾಕ್ಸೆಲ್‌ನ ನಡುವೆ ಬೀಳುತ್ತದೆ. ಸ್ಕ್ಯಾನರ್ ತೋರಿಸುವ ಜಾಲದಲ್ಲಿ ಎಫ್‌ಒವಿ ನಡುಬಿಂದು ನಾಲ್ಕು ವಾಕ್ಸೆಲ್ ಸೇರುವ ಮೂಲೆಯಲ್ಲಿ ಇರಬಹುದು. ವ್ಯತ್ಯಾಸ 5 ಮಿ.ಮೀ. ಕೊಬ್ಬಿನ ಪದರವೇ ಅಷ್ಟು ದಪ್ಪ! ಎಂಆರ್‌ಎಸ್‌ಐ ಕೆ-ಸ್ಪೇಸ್ ಅನ್ನು ಎರಡೂ ದಿಕ್ಕಿನಲ್ಲಿ πk/24ರಷ್ಟು ಫೇಸ್ ಕೊಟ್ಟು ಜರುಗಿಸಿ. ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಮಾಡಿ ನೋಡಿ, ಯಾವುದಕ್ಕೆ ಶೇಷ ಕುಸಿಯುತ್ತದೋ ಅದು. ಸಮವಾಗಿ ತುಂಬಿದ ಗೋಳದಲ್ಲಿ ಈ ತಪ್ಪು ಸಣ್ಣ ಏರಿಳಿತದ ಹಾಗೆ ಅಡಗಿಕೊಳ್ಳುತ್ತದೆ.

ಡಿಸ್ಟಾರ್ಷನ್ ಕರೆಕ್ಷನ್. ಗ್ರೇಡಿಯಂಟ್ ಎಕೋ ಚಿತ್ರಗಳಿಗೆ ಸ್ಕ್ಯಾನರ್ ತಾನಾಗಿ 2ಡಿ ಅಥವಾ 3ಡಿ ಕರೆಕ್ಷನ್ ಹಾಕಿರುತ್ತದೆ, ಎಂಆರ್‌ಎಸ್‌ಐಗೆ ಹಾಕುವುದಿಲ್ಲ. ರೆಫರೆನ್ಸ್‌ನಲ್ಲಿ ಅದನ್ನು ಆಫ್ ಮಾಡಿ. ತೀವ್ರತೆ ಸಮ ಮಾಡುವ ಫಿಲ್ಟರ್ ಯಾವುದಿದ್ದರೂ ಅದೂ ಆಫ್. ಸ್ಕ್ಯಾನರ್ ಕೊಡುವ ಡೈಕಾಮ್ ಚಿತ್ರ ಬಿಟ್ಟು ರಾ ಡೇಟಾದಿಂದ ಮಾಡಿದರೆ ಎರಡೂ ತಲೆನೋವಿಲ್ಲ.

ರೆಫರೆನ್ಸ್‌ನ ಬ್ಯಾಂಡ್‌ವಿಡ್ತ್. ಇದನ್ನು ಬಹಳ ಜನ ಮರೆಯುತ್ತಾರೆ. 3 ಟೆಸ್ಲಾದಲ್ಲಿ ಕೊಬ್ಬು ನೀರಿಗಿಂತ ಸುಮಾರು 440 ಹರ್ಟ್ಜ್ ಆಚೆ. ರೀಡೌಟ್ ಬ್ಯಾಂಡ್‌ವಿಡ್ತ್ ಪಿಕ್ಸೆಲ್‌ಗೆ 450 ಹರ್ಟ್ಜ್ ಇದ್ದರೆ ರೆಫರೆನ್ಸ್‌ನಲ್ಲಿ ನೆತ್ತಿಯ ಕೊಬ್ಬು ಒಂದು ಪಿಕ್ಸೆಲ್, ಅಂದರೆ ನಿಮ್ಮ ಲೆಕ್ಕದಲ್ಲಿ 5 ಮಿ.ಮೀ. ಜರುಗಿ ಕೂತಿರುತ್ತದೆ. ಅಲ್ಲಿನ ಸೆನ್ಸಿಟಿವಿಟಿಯೂ ಅದರ ಜೊತೆ ಜರುಗುತ್ತದೆ, ರೀಡೌಟ್ ದಿಕ್ಕಿನಲ್ಲಿ ಮಾತ್ರ. ನಿಮ್ಮ ರೀಡೌಟ್ ಹಿಂದೆ ಮುಂದೆ ದಿಕ್ಕಿನದ್ದಾ? ಹಾಗಿದ್ದರೆ ಹಣೆಯ ಕಡೆ ಮಾತ್ರ ಯಾಕೆ ಅನ್ನುವುದಕ್ಕೆ ಇದೇ ಉತ್ತರ ಇರಬಹುದು: ಒಂದು ಕಡೆ ಕೊಬ್ಬು ಹೊರಗೆ ಜರುಗುತ್ತದೆ, ಇನ್ನೊಂದು ಕಡೆ ಮೂಳೆಯ ಮೇಲೆ ಬರುತ್ತದೆ. 1000 ಹರ್ಟ್ಜ್‌ಗಿಂತ ಮೇಲೆ ಇಡಿ. ಟಿಇ 2.3 ಮಿಲಿಸೆಕೆಂಡ್ ಹತ್ತಿರ ಇರಲಿ, ಅಲ್ಲಿ ನೀರು ಕೊಬ್ಬು ಒಂದೇ ಫೇಸ್, 1.15ರಲ್ಲಿ ಎರಡೂ ಒಂದನ್ನೊಂದು ತಿಂದು ಅಂಚಿನ ಮ್ಯಾಪ್ ಗದ್ದಲವಾಗುತ್ತದೆ.

ಕೆ-ಸಾಲಿನ ಆರಂಭ. ಅಳೆದ ಸಾಲುಗಳು 0, ±2, ±4 ಆದರೆ ಸರಿ. ±1, ±3, ±5 ಆದರೆ ಮಡಿಚಿ ಬಂದ ಪ್ರತಿಗೆ ಮೈನಸ್ ಚಿಹ್ನೆ, ಅನ್‌ಫೋಲ್ಡಿಂಗ್ ಮ್ಯಾಟ್ರಿಕ್ಸ್‌ನಲ್ಲೂ ಮೈನಸ್ ಬೇಕು. ನಿಮ್ಮ ಫ್ಯಾಂಟಮ್ ಸರಿ ಬಂದಿದೆ, ಹಾಗಾಗಿ ಇದು ಇರಲಾರದು. ಕಾಂಜುಗೇಟ್ ಗೊಂದಲವೂ ಹಾಗೆಯೇ, ಇದ್ದಿದ್ದರೆ ಫ್ಯಾಂಟಮ್ ಕೂಡ ಚಿಂದಿಯಾಗುತ್ತಿತ್ತು.

ಗದ್ದಲದ ಕೋವೇರಿಯನ್ಸ್ (ಚಾನೆಲ್‌ಗಳ ಗದ್ದಲ ಎಷ್ಟು, ಒಂದಕ್ಕೊಂದು ಎಷ್ಟು ಅಂಟಿದೆ). ಆರ್‌ಎಫ್ ಇಲ್ಲದೆ ಕೆಲವು ಸೆಕೆಂಡ್ ಡೇಟಾ ತೆಗೆದು 32 × 32 ಮ್ಯಾಟ್ರಿಕ್ಸ್ ಮಾಡಿ, ಚೊಲೆಸ್ಕಿ ಮಾಡಿ, ಅದರ ಇನ್ವರ್ಸ್‌ನಿಂದ ಡೇಟಾ ಮತ್ತು ಮ್ಯಾಪ್ ಎರಡನ್ನೂ ಗುಣಿಸಿ. ಕಮಾನಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಮಾಡದಿದ್ದರೆ ಒಂದು ಕೆಟ್ಟ ಚಾನೆಲ್ ಎಲ್ಲರ ಎಸ್‌ಎನ್‌ಆರ್ (ಸಿಗ್ನಲ್ ಮತ್ತು ಗದ್ದಲದ ಅನುಪಾತ) ತಿನ್ನುತ್ತದೆ. ಡೇಟಾಗೆ ಮಾಡಿ ಮ್ಯಾಪ್‌ಗೆ ಮರೆತರೆ ಮಾತ್ರ ಮತ್ತೆ ಕಮಾನು!

---

ಲಾರ್ಮರ್_ಲೆಕ್ಕ

ಎಲ್ಲರೂ ರಿಪೇರಿ ಹೇಳುತ್ತಿದ್ದೀರಿ, ನಾನು ಮೂಲಕ್ಕೇ ಬರುತ್ತೇನೆ. 150 × 190 ತಲೆಗೆ 240 × 240 ಎಫ್‌ಒವಿ ಯಾಕೆ? ಎಡಬಲದಲ್ಲಿ 90 ಮಿ.ಮೀ. ಗಾಳಿಯನ್ನು ಎನ್‌ಕೋಡ್ ಮಾಡಿ, ಆಮೇಲೆ ಸೆನ್ಸ್ ಹಾಕಿ ಅದೇ ಗಾಳಿಯನ್ನು ತೆಗೆಯುತ್ತಿದ್ದೀರಿ.

ಸೆನ್ಸ್ ಇಲ್ಲದೆ ಲೆಕ್ಕ ಹಾಕಿ. ಎಫ್‌ಒವಿ 160 × 200, ಅದೇ 10 ಮಿ.ಮೀ.: 16 × 20 = 320 ಎನ್‌ಕೋಡಿಂಗ್, 8 ನಿಮಿಷ. ಕೆ-ಸ್ಪೇಸ್‌ನ ಮೂಲೆಗಳನ್ನು ಬಿಟ್ಟು ಎಲಿಪ್ಟಿಕಲ್ ಮಾಡಿದರೆ π/4 ಪಾಲು, ಸುಮಾರು 251, ಅಂದರೆ 6 ನಿಮಿಷ 17 ಸೆಕೆಂಡ್. ಎಲಿಪ್ಟಿಕಲ್‌ನಲ್ಲಿ ವಾಕ್ಸೆಲ್ ಸ್ವಲ್ಪ ದಪ್ಪವಾಗುತ್ತದೆ, ಆದರೆ ಪಕ್ಕದಲೆ ಶೇ. 21ರಿಂದ 13ಕ್ಕೆ ಇಳಿಯುತ್ತದೆ, ಕೊಬ್ಬಿನ ದೃಷ್ಟಿಯಿಂದ ಲಾಭವೇ. ಇದಕ್ಕೆ ಹಿಂದೆ ಮುಂದೆ ದಿಕ್ಕಿನಲ್ಲಿ ಮಾತ್ರ ಆರ್ 2 ಹಾಕಿ: ಸುಮಾರು 126 ಎನ್‌ಕೋಡಿಂಗ್, 3 ನಿಮಿಷ 9 ಸೆಕೆಂಡ್. ನಿಮ್ಮ 3:36ಕ್ಕಿಂತ ಬೇಗ, ಬಿಡಿಸಬೇಕಾದ್ದು ಒಂದೇ ದಿಕ್ಕು, ಒಂದು ಜಾಗದಲ್ಲಿ ಹೆಚ್ಚೆಂದರೆ ಎರಡೇ ವಾಕ್ಸೆಲ್ ಮೇಲೊಂದು.

ಆದರೆ ಮಡಿಕೆ ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಈಗ ಜರುಗುವುದು 100 ಮಿ.ಮೀ., ಹಣೆ 95ರಿಂದ ಮೈನಸ್ 5ಕ್ಕೆ, ತಲೆಯ ನಟ್ಟನಡುವೆ. ಹಣೆ ಮತ್ತು ನಡುವಿನ ಕಾಯಿಲ್ ಸೆನ್ಸಿಟಿವಿಟಿ ತೀರಾ ಬೇರೆ ಬೇರೆ, ಬಿಡಿಸುವುದು ಸುಲಭ. ಜಿ 1ಕ್ಕೆ ಹತ್ತಿರ ಇರುತ್ತದೆ. ರೋಗಿಯ ಗಂಟು (ಗಡ್ಡೆ) ಇರುವ ಜಾಗ ನಡುವೆಯೇ ಇದ್ದರೆ ಎಫ್‌ಒವಿ 220 ಮಾಡಿ 22 ಎನ್‌ಕೋಡಿಂಗ್‌ಗೆ ಬನ್ನಿ, ಆಗ ಮಡಿಕೆ 15 ಮಿ.ಮೀ. ಆಚೆ ಬೀಳುತ್ತದೆ. ಕೊಬ್ಬು ಉಳಿದೇ ಉಳಿಯುತ್ತದೆ ಅಂತ ಒಪ್ಪಿಕೊಂಡು, ಅದು ಬೇಡದ ಜಾಗದಲ್ಲಿ ಉಳಿಯುವ ಹಾಗೆ ನೋಡಿಕೊಳ್ಳುವುದು ಜಾಣತನ. ಸ್ಲೈಸ್ ಕೆಳಗೆ ಇಳಿಸಿದರೆ ಕಿವಿ ಬರುತ್ತದೆ, 160 ಸಾಲದು. ಲೋಕಲೈಸರ್ ಮೇಲೆ ಅಳೆದು ಎರಡೂ ಕಡೆ 5 ಮಿ.ಮೀ. ಬಿಟ್ಟು ಎಫ್‌ಒವಿ ಇಡಿ.

ಎಸ್‌ಎನ್‌ಆರ್ ಬಗ್ಗೆ ಭ್ರಮೆ ಬೇಡ. ಸೆನ್ಸ್‌ನಲ್ಲಿ ಎಸ್‌ಎನ್‌ಆರ್ √ಆರ್ × ಜಿ ಪಾಲು ಇಳಿಯುತ್ತದೆ. ನಿಮ್ಮ 2 × 2ರಲ್ಲಿ ಜಿ 1.2 ಅಂತಿಟ್ಟರೆ ಪೂರ್ತಿ ಸ್ಕ್ಯಾನ್‌ನ 0.42. 1.5 ಸಿಸಿ ವಾಕ್ಸೆಲ್ ಅಂದಮೇಲೆ ತಡೆಯುತ್ತದೆ. "ಹೇಗೂ ವೇಗ ಬಂತಲ್ಲ" ಅಂತ 32 × 32ಕ್ಕೆ ಹೋದರೆ ವಾಕ್ಸೆಲ್ 0.84 ಸಿಸಿ, ಸಿಗ್ನಲ್ ಹತ್ತಿರ ಹತ್ತಿರ ಅರ್ಧ. ಆಗ ಎಲ್‌ಸಿಮಾಡೆಲ್ ಏನಾದರೊಂದು ಸಂಖ್ಯೆ ಕೊಡುತ್ತದೆ, ನಂಬಬಾರದು ಅಷ್ಟೆ. 2001ರಲ್ಲಿ ಜ್ಯೂರಿಕ್ ಗುಂಪು ಸೆನ್ಸ್ ಅನ್ನು ಸ್ಪೆಕ್ಟ್ರೋಸ್ಕೋಪಿಕ್ ಇಮೇಜಿಂಗ್‌ಗೆ ಹಾಕಿ ನಾಲ್ಕು ಪಟ್ಟು ಸಮಯ ಉಳಿಸಿದಾಗಿನಿಂದ ಈ ಗಣಿತ ಬದಲಾಗಿಲ್ಲ.

---

ಓದುಗ_ಎಂಆರ್

ಇಷ್ಟು ಮ್ಯಾಪ್ ರಗಳೆ ಯಾಕೆ, ಗ್ರಾಪಾ (ಅಳೆಯದೆ ಬಿಟ್ಟ ಕೆ-ಬಿಂದುಗಳನ್ನು ಪಕ್ಕದವುಗಳಿಂದ ತುಂಬುವ ವಿಧಾನ) ಮಾಡಿದರೆ ಆಗದೇ? ಮ್ಯಾಪ್ ಇಲ್ಲ, ಮಾಸ್ಕ್ ಇಲ್ಲ, ಡಿಸ್ಟಾರ್ಷನ್ ಗೊಡವೆ ಇಲ್ಲ. ನೀರು ಅಡಗಿಸದ ಪೂರ್ತಿ ಎಂಆರ್‌ಎಸ್‌ಐ ಒಂದನ್ನು ತೆಗೆದು ಅದರಿಂದ ಕರ್ನಲ್ (ತುಂಬಲು ಬೇಕಾದ ತೂಕಗಳು) ಕಲಿಸಿ, ಎಲ್ಲಾ ಟೈಮ್ ಪಾಯಿಂಟ್‌ಗೂ ಹಾಕಿ.

---

ಶಿಮ್_ಸರಿಯಿಲ್ಲ

ಆಗುತ್ತದೆ. ಆದರೆ ಅದೇ ಟಿಆರ್‌ನಲ್ಲಿ ಪೂರ್ತಿ ರೆಫರೆನ್ಸ್ ತೆಗೆದರೆ ಮತ್ತೆ 14 ನಿಮಿಷ, ಮೂಗಿಗಿಂತ ಮೂಗುತಿ ಭಾರ. ಟಿಆರ್ 200 ಮಿಲಿಸೆಕೆಂಡ್, ಸಣ್ಣ ಫ್ಲಿಪ್ ಆಂಗಲ್ ಇಟ್ಟರೆ 576 × 0.2 = 115 ಸೆಕೆಂಡ್. ಇಲ್ಲವೇ ಅದೇ ಸ್ಲೈಸ್, ಅದೇ ಎಫ್‌ಒವಿಯ ಗ್ರೇಡಿಯಂಟ್ ಎಕೋ, ಕೆಲವೇ ಸೆಕೆಂಡ್.

ಎರಡು ಎಚ್ಚರಿಕೆ. ರೆಫರೆನ್ಸ್‌ಗೆ ಸ್ಯಾಚುರೇಷನ್ ಪಟ್ಟಿ ಹಾಕಬೇಡಿ. ಹಾಕಿದರೆ ಕರ್ನಲ್ ನೆತ್ತಿಯನ್ನು ನೋಡಿಯೇ ಇರುವುದಿಲ್ಲ, ಬೆಟ್ ಮಾಸ್ಕ್‌ನ ತಪ್ಪೇ ಬೇರೆ ವೇಷದಲ್ಲಿ ಬರುತ್ತದೆ. ಎರಡನೆಯದು, ಬಿಂದುಗಳ ಬರ. 2 × 3 ಕರ್ನಲ್ × 32 ಚಾನೆಲ್ ಅಂದರೆ ಪ್ರತಿ ಗುರಿಗೂ 192 ಅಜ್ಞಾತ. 24 × 24 ಜಾಲದಲ್ಲಿ ಕರ್ನಲ್ ಕೂರುವ ಜಾಗಗಳು ನಾನೂರು ಚಿಲ್ಲರೆ, ಫಿಟ್ ತೂಗಾಡುತ್ತದೆ. ಎಸ್‌ವಿಡಿ ಮಾಡಿ 32 ಚಾನೆಲ್ ಅನ್ನು 12ರಿಂದ 16ಕ್ಕೆ ಇಳಿಸಿ, ಸ್ವಲ್ಪ ಟಿಖನೋವ್ ರೆಗ್ಯುಲರೈಸೇಷನ್ ಹಾಕಿ. ರೆಫರೆನ್ಸ್ ಎಂಆರ್‌ಎಸ್‌ಐ ಆಗಿದ್ದರೆ ಅದರ ಎಫ್‌ಐಡಿಯ ಮೊದಲ ಕೆಲವು ಬಿಂದುಗಳನ್ನೂ ಸಮೀಕರಣಕ್ಕೆ ಸೇರಿಸಬಹುದು. 7 ಟೆಸ್ಲಾದಲ್ಲಿ ಸಾಮಾನ್ಯವಾಗಿ ಬಾಡಿ ಕಾಯಿಲ್ ಇರುವುದಿಲ್ಲ, ಅಲ್ಲಿ ಈ ದಾರಿಯೋ ಡೇಟಾದಿಂದಲೇ ಮಾಡುವ ಎಸ್ಪಿರಿಟ್ ಮ್ಯಾಪೋ ಅನಿವಾರ್ಯ. ಇವರಿಗೆ ಬಾಡಿ ಕಾಯಿಲ್ ಇದೆ, ನನ್ನ ಮತ ಸೆನ್ಸ್‌ಗೇ. ಸಣ್ಣ ಜಾಲದ ತಿದ್ದುಪಡಿ ಅಲ್ಲಿ ಸಲೀಸಾಗಿ ಕೂರುತ್ತದೆ.

---

ಕೆಸ್ಪೇಸ್_ಮಂಡ್ಯ

ರೀಡೌಟ್ ಹಿಂದೆ ಮುಂದೆ ದಿಕ್ಕಿನದ್ದೇ, ಬ್ಯಾಂಡ್‌ವಿಡ್ತ್ ಪಿಕ್ಸೆಲ್‌ಗೆ 390 ಹರ್ಟ್ಜ್. ಡಿಸ್ಟಾರ್ಷನ್ ಕರೆಕ್ಷನ್ ಕೂಡ ಆನ್ ಇತ್ತು. ಎರಡೂ ಬದಲಾಯಿಸಿ, ಎಫ್‌ಒವಿ 160 × 200ಕ್ಕೆ ತಂದು ಮತ್ತೆ ತೆಗೆಯುತ್ತೇನೆ. ಕೊಬ್ಬಿಗೆ ಪಟ್ಟಿಗಳ ಬದಲು ಇನ್ವರ್ಷನ್ ರಿಕವರಿ (ಸಿಗ್ನಲ್ ತಿರುಗಿಸಿ, ಕೊಬ್ಬು ಸೊನ್ನೆ ದಾಟುವಾಗ ಅಳೆಯುವುದು) ಹಾಕಿದರೆ ಹೇಗೆ? ಪಟ್ಟಿಗಳು ದುಂಡು ತಲೆಗೆ ಸರಿಯಾಗಿ ಕೂರುವುದಿಲ್ಲ.

---

ಎಕೋ_ಕರಾವಳಿ

390 ಆದರೆ ಕೊಬ್ಬು 5.6 ಮಿ.ಮೀ. ಜರುಗಿತ್ತು. ಅದೇ ಅನ್ನಿಸುತ್ತದೆ.

ಇನ್ವರ್ಷನ್ ನಿಮ್ಮ ಟಿಆರ್‌ಗೆ ದುಬಾರಿ. ಕೊಬ್ಬಿನ ಟಿ1 (ಚೇತರಿಕೆಯ ಸಮಯ) 320ರಿಂದ 350 ಅಂತ ಹಿಡಿದರೆ ಟಿಐ (ತಿರುಗಿಸಿದ ಮೇಲೆ ಕಾಯುವ ಸಮಯ) 220ರಿಂದ 240 ಮಿಲಿಸೆಕೆಂಡ್. ಮೆಟಬಾಲೈಟ್‌ಗಳ ಟಿ1 ಸುಮಾರು 1350. ಟಿಆರ್ ಉದ್ದ ಇದ್ದರೆ ಅವು ಶೇ. 30ರಷ್ಟು ಕಳೆದುಕೊಳ್ಳುತ್ತವೆ. ಟಿಆರ್ 1500ರಲ್ಲಿ ಪೂರ್ತಿ ಚೇತರಿಸಿಕೊಳ್ಳುವ ಮುಂಚೆಯೇ ಮತ್ತೆ ತಿರುಗಿಸುತ್ತೀರಿ, ನಷ್ಟ ಶೇ. 45ರ ಹತ್ತಿರ. ಸೆನ್ಸ್‌ನಲ್ಲಿ ಅರ್ಧ ಕೊಟ್ಟಾಗಿದೆ, ಇದರಲ್ಲಿ ಇನ್ನರ್ಧ ಕೊಟ್ಟರೆ ಉಳಿಯುವುದೇನು? ಎನ್‌ಎಎ, ಕೋಲಿನ್, ಕ್ರಿಯಾಟಿನ್ ಮೂರೇ ಸಾಕು ಅಂದರೆ ಟಿಇ 144 ಮಾಡಿ. ಕೊಬ್ಬಿನ ಟಿ2 (ಸಿಗ್ನಲ್ ಅಳಿಯುವ ಸಮಯ) ಚಿಕ್ಕದು, ತಾನೇ ಇಳಿಯುತ್ತದೆ, ಲ್ಯಾಕ್ಟೇಟ್ ಇದ್ದರೆ 1.33ರಲ್ಲಿ ತಲೆಕೆಳಗಾಗಿ ಕಾಣುತ್ತದೆ, ಕೊಬ್ಬಿನಿಂದ ಬೇರೆ ಮಾಡಲು ಅನುಕೂಲ. ಮಯೋ-ಇನೋಸಿಟಾಲ್, ಗ್ಲುಟಮೇಟ್ ಬೇಕೇ ಬೇಕು ಅಂದರೆ 35ರಲ್ಲೇ ಇರಿ, ಪಟ್ಟಿಗಳನ್ನು 30 ಮಿ.ಮೀ. ದಪ್ಪ ಮಾಡಿ, ಒಳ ಅಂಚು ಮೂಳೆಯ ಮೇಲೆ ಬರುವ ಹಾಗೆ ಕೂರಿಸಿ. ಪಟ್ಟಿಯ ಆರ್‌ಎಫ್ ಕೊಬ್ಬಿನ ಫ್ರೀಕ್ವೆನ್ಸಿಗೆ ಇಟ್ಟಿದೆಯಾ ನೋಡಿ. ನೀರಿಗೆ ಇಟ್ಟಿದ್ದರೆ ಕೊಬ್ಬಿಗೆ ಪಟ್ಟಿಯ ಜಾಗವೇ ಬೇರೆ.

ಮೇಜಿನ ಕಡೆಯ ಎರಡು ಮಾತು. ರೆಫರೆನ್ಸ್ ಗ್ರೇಡಿಯಂಟ್ ಎಕೋವನ್ನು ಸರಣಿಯ ಮೊದಲಲ್ಲಿ ಅಲ್ಲ, ಎಂಆರ್‌ಎಸ್‌ಐಗೆ ಅಂಟಿಕೊಂಡ ಹಾಗೆ ಅದರ ಮುಂಚೆಯೇ ಇಡಿ, ಸಾಧ್ಯವಾದರೆ ಮುಗಿದ ಮೇಲೂ ಒಮ್ಮೆ. ಎರಡನ್ನೂ ಕಳೆದು ನೋಡಿದರೆ ತಲೆ ಎಷ್ಟು ಅಲುಗಿದೆ ಅಂತ ತಿಳಿಯುತ್ತದೆ. ಡಿಟಿಐ ಅಥವಾ ಎಫ್‌ಎಂಆರ್‌ಐ ಸ್ಕ್ಯಾನ್ ಇದ್ದರೆ ಅವನ್ನು ಎಂಆರ್‌ಎಸ್‌ಐ ಆದಮೇಲೆ ಮಾಡಿ. ಅವುಗಳ ಗ್ರೇಡಿಯಂಟ್ ಬಿಸಿಗೆ ಶಿಮ್ ಕಬ್ಬಿಣ ಕಾದು ಫ್ರೀಕ್ವೆನ್ಸಿ ಜಾರುತ್ತದೆ. ವೇಪರ್‌ನ ಕಿರಿದಾದ ಪಟ್ಟೆಯಿಂದ ನೀರು ಹೊರಗೆ ಬಂದರೆ ಆಗ ಮಡಿಚಿಕೊಳ್ಳುವುದು ಕೊಬ್ಬು ಮಾತ್ರ ಅಲ್ಲ.

---

ಲಾರ್ಮರ್_ಲೆಕ್ಕ

ಒಂದು ಬಿಟ್ಟುಹೋಗಿತ್ತು. ರೇಡಿಯಾಲಜಿಸ್ಟ್‌ಗೆ ಎನ್‌ಎಎ ಚಿತ್ರ ಕಳಿಸುವಾಗ ನಯ ಮಾಡಿ ಬಣ್ಣ ತುಂಬುವ ಮುಂಚೆ ವಾಕ್ಸೆಲ್ ಚೌಕಗಳನ್ನು ಹಾಗೇ ತೋರಿಸಿ, ಪಕ್ಕದಲ್ಲಿ ಅದೇ ಅಳತೆಯ ಜಿ-ಮ್ಯಾಪ್ ಮತ್ತು 0.8ರಿಂದ 1.8 ಪಿಪಿಎಂ ಕೊಬ್ಬಿನ ಮ್ಯಾಪ್ ಇಡಿ. ಎನ್‌ಎಎ ಕಡಿಮೆಯಾದ ಚೌಕ ಕೊಬ್ಬಿನ ಮ್ಯಾಪ್‌ನಲ್ಲೂ ಬೆಳಗುತ್ತಿದ್ದರೆ ಅದು ಗಂಟಲ್ಲ, ಹಣೆ.